ಕೆಲಸ ಹೊರಗೆ, ನೆನಪು ಒಳಗೆ

ಶಿರಸಿ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಅಜ್ಜಿಯ ಕಾಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ನೆಂಟರಿಷ್ಟರಿಗೆ ಹಂಚುತ್ತಿದ್ದವರು ಈಗ ಅದನ್ನೇ ಸಣ್ಣ ಉದ್ದಿಮೆ ಮಾಡಿಕೊಂಡಿದ್ದಾರೆ. ಊರಿನ ಮೂವರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಮಗ ಲೆಕ್ಕ ನೋಡುತ್ತಾನೆ, ಸೊಸೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಆರ್ಡರುಗಳನ್ನು ನೋಡುತ್ತಾಳೆ. ಬೆಂಗಳೂರಿನ ಗಿರಾಕಿಗಳು ಹೆಚ್ಚಿದ ಮೇಲೆ ಬಾಟಲಿಗೆ ಒಂದು ಚೆಂದದ ಲೇಬಲ್ ಬೇಕು ಅನ್ನಿಸಿತು. ಆನ್‌ಲೈನ್‌ನಲ್ಲಿ ಹುಡುಕಿ, ದೂರದ ರಾಜ್ಯದ ಒಬ್ಬ ಡಿಸೈನರ್‌ಗೆ ಕೆಲಸ ಕೊಟ್ಟರು. ಮೂರನೇ ದಿನ ಲೇಬಲ್ ಬಂತು. ಬಣ್ಣ ಹಿತವಾಗಿದೆ, ಅಂಚು ಚೊಕ್ಕಟವಾಗಿದೆ. ಆದರೆ ‘ಉಪ್ಪಿನಕಾಯಿ’ಯ ಒತ್ತು ಕಳಚಿ ‘ಉಪ್‌ಪಿನಕಾಯಿ’ ಆಗಿದೆ. ಚಿತ್ರದಲ್ಲಿರುವುದು ಹೋಳು ಮಾಡಿ ಎಣ್ಣೆಯಲ್ಲಿ ಮುಳುಗಿಸಿದ ಮಾವು. ತೊಟ್ಟಿನ ಸಮೇತ ಇಡಿಯಾಗಿ ಉಪ್ಪಿಗೆ ಬಿದ್ದ ಮಿಡಿಯ ಸುಳಿವೇ ಇಲ್ಲ.

ತಪ್ಪು ಡಿಸೈನರನದು ಎನ್ನುವುದು ಸುಲಭ. ಆತನಿಗೆ ಕನ್ನಡ ಓದಲು ಬಾರದು. ಭಾರತೀಯ ಲಿಪಿಗೆ ತಕ್ಕಂತೆ ಹೊಂದಿಸದ ಸಾಫ್ಟ್‌ವೇರಿನಲ್ಲಿ ಕನ್ನಡದ ಒತ್ತಕ್ಷರ ಹೀಗೆಯೇ ಒಡೆಯುತ್ತದೆ, ಒಡೆದದ್ದು ಆತನ ಕಣ್ಣಿಗೆ ಕಾಣುವುದಿಲ್ಲ. ಅಪ್ಪೆಮಿಡಿ ಎಂದರೆ ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ‘ಮ್ಯಾಂಗೋ ಪಿಕಲ್‌ಗೆ ಒಂದು ಲೇಬಲ್’ ಎಂದಷ್ಟೇ ಹೇಳಿದ್ದರು. ಹೇಳಿದ್ದನ್ನು ಅವನು ಮಾಡಿದ್ದಾನೆ. ಮನೆಯವರಿಗೆ ಗೊತ್ತಿದ್ದು ಹೇಳದೆ ಉಳಿದದ್ದು ಮಾತ್ರ ಲೇಬಲ್ಲಿನ ಮೇಲೆ ಬಂದಿಲ್ಲ.

ಸಣ್ಣ ಉದ್ದಿಮೆಗಳು ಆನ್‌ಲೈನ್ ಫ್ರೀಲಾನ್ಸರ್‌ಗಳನ್ನು ಹಚ್ಚಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಸಾಮಾನ್ಯವಾಗಿ ದುಡ್ಡಿನ ಸುತ್ತ ತಿರುಗುತ್ತದೆ. ಸಂಬಳದ ಆಳಿಗಿಂತ ಅಗ್ಗ, ಬೇಕಾದಾಗ ಕರೆದು ಬೇಡವಾದಾಗ ಬಿಡಬಹುದು ಎಂಬುದು ಒಂದು ಪಕ್ಷ. ನಂಬಲಾಗದು, ಅರ್ಧಕ್ಕೆ ಬಿಟ್ಟು ಹೋಗುತ್ತಾರೆ ಎಂಬುದು ಇನ್ನೊಂದು. ಎರಡೂ ಮುಖ್ಯ ಮಾತನ್ನು ಬಿಡುತ್ತವೆ. ಹೊರಗಿನವರಿಂದ ಕೆಲಸ ಮಾಡಿಸುವ ಉದ್ದಿಮೆಗೆ ತನ್ನ ಕೆಲಸವನ್ನು ತಾನೇ ಮಾತಿನಲ್ಲಿ ಹೇಳಿಕೊಳ್ಳಲು ಬರಬೇಕು, ಮಾಡಿಸಿದ್ದರ ನೆನಪನ್ನು ತನ್ನಲ್ಲೇ ಉಳಿಸಿಕೊಳ್ಳಲು ಬರಬೇಕು. ಇವೆರಡು ಇದ್ದರೆ ಆನ್‌ಲೈನ್ ಕೆಲಸಗಾರ ಸಣ್ಣ ಉದ್ದಿಮೆಗೆ ದೊಡ್ಡ ಬಲ. ಇಲ್ಲದಿದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿ.

ಮನೆಯಲ್ಲೇ ಕೂತು ಇನ್ನೊಬ್ಬರಿಗೆ ಕೆಲಸ ಮಾಡಿಕೊಡುವುದು ನಮಗೆ ಹೊಸದೇನೂ ಅಲ್ಲ. ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಬೀಡಿ ಕಟ್ಟಿ, ಸಾವಿರಕ್ಕೆ ಇಷ್ಟು ಎಂದು ಮಜೂರಿ ಪಡೆದು ಸಂಸಾರ ನಡೆಸಿದ್ದಾರೆ. ಕಂಪನಿ ಎಲ್ಲೋ ಇತ್ತು, ನಡುವೆ ಗುತ್ತಿಗೆದಾರನಿದ್ದ, ಸರಿಯಿಲ್ಲವೆಂದು ಪಕ್ಕಕ್ಕೆ ತೆಗೆದ ಬೀಡಿಯ ನಷ್ಟ ಕಟ್ಟಿದವಳ ತಲೆಗೆ ಬೀಳುತ್ತಿತ್ತು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕೆಲಸಗಾರರೆಂದೇ ಎಣಿಸಿತು. ಮಂಗಳೂರಿನದೂ ಸೇರಿದಂತೆ ಬೀಡಿ ಕಂಪನಿಗಳು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೂ ಹೋದವು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಇಂದಿನ ಆನ್‌ಲೈನ್ ವೇದಿಕೆಗಳ ರಚನೆ ಈ ಬ್ರಾಂಚಿಗಿಂತ ತೀರಾ ಬೇರೆಯಲ್ಲ. ಈಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಅಮೆರಿಕನ್ ಕಂಪನಿಗಳು ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ತಳೆದವು. ಐದು ಡಾಲರಿಗೊಂದು ಕೆಲಸ ಎಂಬ ಲೆಕ್ಕದಿಂದ ಹೆಸರು ಪಡೆದ ಫೈವರ್ 2010ರಲ್ಲಿ ಇಸ್ರೇಲಿನಲ್ಲಿ ಶುರುವಾಯಿತು. ಫೈವರ್‌ನಲ್ಲಿ ನೂರು ರೂಪಾಯಿಯ ಕೆಲಸ ಮಾಡಿದವನ ಕೈಗೆ ಬರುವುದು ಎಂಬತ್ತು. ಕೆಲಸ ಕೊಟ್ಟವನು ನೂರರ ಮೇಲೆ ಬೇರೆ ಶುಲ್ಕ ಕಟ್ಟುತ್ತಾನೆ. ಇದಕ್ಕೆ ಪ್ರತಿಯಾಗಿ ವೇದಿಕೆ ಮಾಡುವ ಉಪಕಾರವೂ ಸಣ್ಣದಲ್ಲ. ಹಣವನ್ನು ಮೊದಲೇ ಪಡೆದು ತನ್ನಲ್ಲಿ ಇಟ್ಟುಕೊಂಡು, ಕೆಲಸ ಒಪ್ಪಿಗೆಯಾದ ಮೇಲೆ ಬಿಡುಗಡೆ ಮಾಡುತ್ತದೆ. ಕೊಟ್ಟವನು ಎಲ್ಲಿ ಮೋಸ ಹೋಗುತ್ತಾನೋ, ಮಾಡಿದವನು ಎಲ್ಲಿ ಮೋಸ ಹೋಗುತ್ತಾನೋ ಎಂಬ ಭಯ ಅರ್ಧ ಕಳೆಯುತ್ತದೆ. ಆದರೆ ಒಪ್ಪಿಗೆಗೂ ಗಡುವಿದೆ. ಫೈವರ್‌ನಲ್ಲಿ ಕೆಲಸ ಬಂದ ಮೂರು ದಿನ, ಅಪ್‌ವರ್ಕ್‌ನ ಇಡಿಗಂಟಿನ ಕೆಲಸಗಳಲ್ಲಿ ಹದಿನಾಲ್ಕು ದಿನ ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ. ಮಿಡಿಯ ಸೀಜನ್ನಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲದ ಮನೆಯವರು ಲೇಬಲ್ಲಿನ ಕಡೆ ನೋಡುವಷ್ಟರಲ್ಲಿ ಹಣ ಹೋಗಿರುತ್ತದೆ, ಒಡೆದ ಒತ್ತು ಉಳಿದಿರುತ್ತದೆ.

ಬೀಡಿಗೂ ಈ ಬಿಡಿ ಕೆಲಸಕ್ಕೂ ಒಂದು ವ್ಯತ್ಯಾಸವಿದೆ. ಬೀಡಿ ಹೇಗಿರಬೇಕೆಂದು ಕಂಪನಿಗೂ ಗೊತ್ತಿತ್ತು, ಕಟ್ಟುವವಳಿಗೂ ಗೊತ್ತಿತ್ತು. ಎಲೆಯ ಅಳತೆ, ನೂಲಿನ ಸುತ್ತು, ಕಟ್ಟಿನಲ್ಲಿ ಎಷ್ಟು ಎಂಬುದರಲ್ಲಿ ಗೊಂದಲವಿರಲಿಲ್ಲ. ಸಣ್ಣ ಉದ್ದಿಮೆಯ ಲೇಬಲ್, ಜಾಹೀರಾತು, ವೆಬ್‌ಸೈಟುಗಳಿಗೆ ಅಂಥ ಅಳತೆಗೋಲು ಸಿದ್ಧವಿರುವುದಿಲ್ಲ. ಅದನ್ನು ಪ್ರತಿ ಸಲ ಕೆಲಸ ಕೊಡುವವರೇ ಮಾಡಿಕೊಡಬೇಕು.

ಇಲ್ಲಿ ಅರ್ಥಶಾಸ್ತ್ರದ ಒಂದು ಹಳೆಯ ಪ್ರಶ್ನೆ ನೆರವಿಗೆ ಬರುತ್ತದೆ. 1937ರಲ್ಲಿ ರೊನಾಲ್ಡ್ ಕೋಸ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ, ಆಗಿನ್ನೂ ಇಪ್ಪತ್ತಾರರ ಯುವಕ, ಹೀಗೆ ಕೇಳಿದ: ಬೇಕಾದದ್ದೆಲ್ಲ ಪೇಟೆಯಲ್ಲಿ ದುಡ್ಡಿಗೆ ಸಿಗುವುದಾದರೆ ಕಂಪನಿಗಳು ಯಾಕಿವೆ? ಪ್ರತಿ ಕೆಲಸಕ್ಕೂ ಆಯಾ ದಿನ ಒಬ್ಬರನ್ನು ಹಿಡಿದು ಮಾಡಿಸಬಹುದಲ್ಲ? ಅವನ ಉತ್ತರ ಸರಳವಾಗಿತ್ತು. ಪೇಟೆಯನ್ನು ಬಳಸುವುದಕ್ಕೂ ಖರ್ಚಿದೆ. ತಕ್ಕವರನ್ನು ಹುಡುಕಬೇಕು, ಚೌಕಾಶಿ ಮಾಡಬೇಕು, ಕರಾರು ಮಾಡಿಕೊಳ್ಳಬೇಕು. ಈ ಖರ್ಚು ಒಳಗೇ ಆಳಿಟ್ಟು ಮಾಡಿಸುವ ಖರ್ಚಿಗಿಂತ ಹೆಚ್ಚಾದಾಗ ಕೆಲಸ ಕಂಪನಿಯ ಒಳಗೆ ಬರುತ್ತದೆ, ಕಡಿಮೆಯಾದಾಗ ಹೊರಗೆ ಹೋಗುತ್ತದೆ. ಈ ವಿಚಾರ ಬೆಳೆದು 1991ರಲ್ಲಿ ಅವನಿಗೆ ನೊಬೆಲ್ ತಂದುಕೊಟ್ಟಿತು.

ಇಂಟರ್ನೆಟ್ ಈ ಖರ್ಚುಗಳಲ್ಲಿ ಕೆಲವನ್ನು ಮಾತ್ರ ಇಳಿಸಿದೆ ಎಂಬುದನ್ನು ನಾವು ಮರೆಯುತ್ತೇವೆ. ಹುಡುಕುವ ಖರ್ಚು ಹೆಚ್ಚುಕಡಿಮೆ ಇಲ್ಲವಾಗಿದೆ. ಅರ್ಧ ಗಂಟೆಯಲ್ಲಿ ನೂರು ಡಿಸೈನರ್‌ಗಳ ಕೆಲಸ ನೋಡಬಹುದು. ಹಣ ಕೊಡುವುದು ಬೆರಳ ತುದಿಯ ಕೆಲಸ. ಆದರೆ ‘ನನಗೆ ಬೇಕಾದದ್ದು ಇದು’ ಎಂದು ತಿಳಿಸಿ ಹೇಳುವ ಶ್ರಮ ಅಂದು ಎಷ್ಟಿತ್ತೋ ಇಂದೂ ಅಷ್ಟೇ ಇದೆ. ಬಂದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಶ್ರಮವೂ ಅಷ್ಟೇ. ಎದುರು ಕೂತವನಿಗೆ ಬಾಟಲಿ ತೋರಿಸಿ, ಮಿಡಿ ಮೂಸಲು ಕೊಟ್ಟು, ಜೀರಿಗೆಯ ಪರಿಮಳ ಬರುತ್ತದೆಯೇ ನೋಡು ಎನ್ನಬಹುದಿತ್ತು. ದೂರದವನಿಗೆ ಅದನ್ನು ಬರೆದೇ ಹೇಳಬೇಕು. ಹುಡುಕಾಟ ಸಲೀಸಾದದ್ದನ್ನು ಕಂಡು ಉಳಿದದ್ದೂ ಸಲೀಸಾಗಿದೆ ಎಂದು ನಂಬುವಲ್ಲಿ ಮೊದಲ ಎಡವಟ್ಟು ಆಗುತ್ತದೆ.

ಹಾಗಾದರೆ ಯಾವುದನ್ನು ಹೊರಗೆ ಕೊಡಬೇಕು? ನನ್ನ ಮಟ್ಟಿಗೆ ಮೂರು ಪ್ರಶ್ನೆ ಸಾಕು. ಬೇಕಾದದ್ದನ್ನು ಒಂದು ಪುಟದಲ್ಲಿ ಬರೆಯಬಲ್ಲೆನೇ? ಮಾಡಿ ತಂದದ್ದನ್ನು ಸರಿ ತಪ್ಪು ಎಂದು ನಾನೇ ಹೇಳಬಲ್ಲೆನೇ? ಮಾಡಿದಾತ ನಾಳೆ ಕಾಣೆಯಾದರೆ ನನ್ನ ಅಂಗಡಿ ನಡೆಯುತ್ತದೆಯೇ? ಮೂರಕ್ಕೂ ಹೌದು ಎನ್ನುವಂಥವು ಬಹಳ ಇವೆ. ಲೇಬಲ್ಲಿನ ವಿನ್ಯಾಸ, ಉತ್ಪನ್ನಗಳ ಫೋಟೊ ತಿದ್ದುವುದು, ಒಂದು ಸಲ ವೆಬ್‌ಸೈಟ್ ಕಟ್ಟಿಕೊಡುವುದು, ಹಳೆಯ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವುದು, ಬೆಲೆಪಟ್ಟಿಯನ್ನು ಇಂಗ್ಲಿಷಿಗೆ ಅನುವಾದಿಸುವುದು. ಇವಕ್ಕೆಲ್ಲ ಆರಂಭವಿದೆ, ಅಂತ್ಯವಿದೆ. ಸಣ್ಣ ಊರಿನಲ್ಲಿ ಇವನ್ನು ಚೆನ್ನಾಗಿ ಬಲ್ಲವರು ಸಿಗದಿರಬಹುದು, ಸಿಕ್ಕರೂ ತಿಂಗಳಿಗೆ ಎರಡು ದಿನದ ಕೆಲಸಕ್ಕೆ ಪೂರಾ ಸಂಬಳ ಕೊಡಲಾಗದು. ಇಂಥಲ್ಲಿ ಆನ್‌ಲೈನ್ ಕೆಲಸಗಾರ ಸಣ್ಣವರಿಗೆ ಕೊಡುವ ಅವಕಾಶ ನಿಜವಾದದ್ದು. ಮಹಾನಗರದ ಕಂಪನಿಗೆ ಸಿಗುವ ಕುಶಲತೆಯೇ ಮಲೆನಾಡಿನ ಮನೆಗೂ ಸಿಗುತ್ತದೆ.

ಆರಂಭ ಅಂತ್ಯ ಇಲ್ಲದ ಕೆಲಸಗಳ ಮಾತು ಬೇರೆ. ಗಿರಾಕಿಗಳಿಗೆ ಉತ್ತರಿಸುವುದು, ದೂರು ಕೇಳಿಸಿಕೊಳ್ಳುವುದು, ದರ ನಿಗದಿ, ಮಿಡಿ ತಂದುಕೊಡುವ ರೈತರೊಡನೆ ಮಾತುಕತೆ. ‘ವರ್ಚುವಲ್ ಅಸಿಸ್ಟೆಂಟ್’ ಎಂಬ ಹೆಸರಿನಲ್ಲಿ ಈಗ ಇವನ್ನೂ ಹೊರಗೆ ಕೊಡುವ ರೂಢಿ ಬಂದಿದೆ. ಮೈಸೂರಿನ ಹಳೆಯ ಗಿರಾಕಿಯೊಬ್ಬರು ‘ಹೋದ ಸಲದಷ್ಟು ಉಪ್ಪು ಬೇಡ’ ಎಂದು ಸಂದೇಶ ಕಳಿಸುತ್ತಾರೆ ಎನ್ನೋಣ. ಹೋದ ಸಲ ಕಳಿಸಿದ್ದು ಯಾವ ಭರಣಿಯದು, ಆ ವರ್ಷ ಮಿಡಿ ಎಂಥದಿತ್ತು, ಅವರ ಮನೆಯಲ್ಲಿ ರಕ್ತದೊತ್ತಡದವರಿದ್ದಾರೆ ಎಂಬುದು ಸೊಸೆಗೆ ಗೊತ್ತು. ದೂರದ ಸಹಾಯಕನಿಗೆ ಗೊತ್ತಿರುವುದು ಸಿದ್ಧಪಡಿಸಿಟ್ಟ ಒಂದು ಕ್ಷಮಾಪಣೆ. ಮೈಸೂರಿನವರು ಅದನ್ನು ಓದಿ ಜಗಳವಾಡುವುದಿಲ್ಲ. ಮುಂದಿನ ವರ್ಷ ಸುಮ್ಮನೆ ಬೇರೆ ಕಡೆ ಕೊಳ್ಳುತ್ತಾರೆ.

ದೊಡ್ಡ ಕಂಪನಿಯ ನೆನಪು ಕಡತಗಳಲ್ಲಿರುತ್ತದೆ. ಒಬ್ಬ ಹೋದರೆ ಇನ್ನೊಬ್ಬ ಕಡತ ಓದಿ ಮುಂದುವರಿಸುತ್ತಾನೆ. ಸಣ್ಣ ಉದ್ದಿಮೆಯ ನೆನಪು ನಾಲ್ಕು ಜನರ ತಲೆಯಲ್ಲಿರುತ್ತದೆ. ಹತ್ತು ವರ್ಷ ಜೊತೆಗಿದ್ದ ಕೆಲಸಗಾರ ಮಾಡಿದ ತಪ್ಪು, ಕಲಿತ ಪಾಠ ಎಲ್ಲವೂ ಆ ಮನೆಯಲ್ಲೇ ಉಳಿಯುತ್ತದೆ. ಫ್ರೀಲಾನ್ಸರ್ ಕಲಿತದ್ದು ಫ್ರೀಲಾನ್ಸರನ ಜೊತೆ ಹೋಗುತ್ತದೆ. ಲೇಬಲ್ಲಿನ ಒತ್ತಕ್ಷರ ಸರಿಪಡಿಸಲು ಯಾವ ಫಾಂಟ್ ಬಳಸಿದ, ಸಾಫ್ಟ್‌ವೇರಿನಲ್ಲಿ ಏನು ಬದಲಿಸಿದ ಎಂಬುದು ಆತನಿಗೆ ಗೊತ್ತು, ಮನೆಗೆ ಗೊತ್ತಿಲ್ಲ. ಮುಂದಿನ ವರ್ಷ ತೂಕ ಬದಲಿಸಿ ಹೊಸ ಲೇಬಲ್ ಮಾಡಿಸುವಾಗ ಹೊಸಬನ ಕೈಯಲ್ಲಿ ಮತ್ತೆ ಅದೇ ‘ಉಪ್‌ಪಿನಕಾಯಿ’.

ಆದ್ದರಿಂದ ಹೊರಗೆ ಕೊಟ್ಟ ಪ್ರತಿ ಕೆಲಸಕ್ಕೂ ಒಳಗೆ ಒಂದು ಕೆಲಸ ಹುಟ್ಟುತ್ತದೆ, ಅದು ಬರೆದಿಡುವ ಕೆಲಸ. ಮೂಲ ಫೈಲ್ ಎಲ್ಲಿದೆ, ಯಾವ ಫಾಂಟ್, ಯಾರಿಗೆ ಎಷ್ಟು ಕೊಟ್ಟೆವು, ಯಾವುದನ್ನು ಯಾಕೆ ತಿದ್ದಿಸಿದೆವು ಎಂಬುದಕ್ಕೆ ಒಂದು ಪುಸ್ತಕ ಬೇಕು. ವೆಬ್‌ಸೈಟಿನ ಹೆಸರು ಉದ್ದಿಮೆಯ ಮಿಂಚಂಚೆಯಲ್ಲಿ, ಉದ್ದಿಮೆಯವರ ಹೆಸರಿನಲ್ಲಿ ನೋಂದಣಿಯಾಗಬೇಕು. ಇನ್‌ಸ್ಟಾಗ್ರಾಂ ಪುಟದ ಪಾಸ್‌ವರ್ಡ್ ಮನೆಯವರ ಕೈಯಲ್ಲಿರಬೇಕು. ಹೆಸರನ್ನು ತನ್ನ ಖಾತೆಯಲ್ಲೇ ನೋಂದಾಯಿಸಿಕೊಂಡ ಹುಡುಗ ನೌಕರಿ ಸಿಕ್ಕಿ ಫೋನು ಬದಲಿಸಿದ, ವರ್ಷದ ನವೀಕರಣ ತಪ್ಪಿತು, ಅಂಗಡಿಯ ವೆಬ್‌ಸೈಟು ಮಾಯವಾಯಿತು ಎಂಬ ಗೋಳು ಇಂದು ಬಲು ಸಾಮಾನ್ಯ. ಮನೆಯ ಬೀಗದ ಕೈಯನ್ನು ಯಾರೂ ಹಾಗೆ ಬಿಟ್ಟುಕೊಡುವುದಿಲ್ಲ.

ಕಾನೂನೂ ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ದುಡ್ಡು ಕೊಟ್ಟು ಬರೆಸಿದ್ದು ನಮ್ಮದೇ ಎಂದು ನಾವು ನಂಬಿರುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ನೌಕರಿಯ ಭಾಗವಾಗಿ ಮಾಡಿದ್ದರ ಹಕ್ಕು ಸಾಮಾನ್ಯವಾಗಿ ಮಾಲೀಕರದು. ಹೊರಗಿನವರು ಬರೆದ ಬರಹ, ಸಾಫ್ಟ್‌ವೇರ್ ಕೋಡಿನಂಥವುಗಳ ಹಕ್ಕು ಮೊದಲಿಗೆ ಬರೆದವರದೇ. ದುಡ್ಡು ಕೊಟ್ಟು ತೆಗೆಸಿದ ಫೋಟೊದಂಥ ಕೆಲವಕ್ಕೆ ಮಾತ್ರ ವಿನಾಯಿತಿಯಿದೆ. ಹಕ್ಕು ನಮಗೆ ಬರಬೇಕಾದರೆ ಸಹಿಯಿರುವ ಬರಹದ ಒಪ್ಪಂದ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಎಲ್ಲೆ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ. ಅಮೆರಿಕದ ಕನ್ನಡಿಗರಿಗೆ ಉಪ್ಪಿನಕಾಯಿ ಕಳಿಸುವ ಮನೆಗೆ ಈ ಎರಡನೆಯ ಮಾತು ಬರೀ ತಾಂತ್ರಿಕ ವಿಚಾರವಲ್ಲ. ಹಣ ಸಂದ ಮೇಲೆ ಹಕ್ಕು ಕೊಂಡವರದು ಎಂಬ ನಿಯಮ ವೇದಿಕೆಗಳಲ್ಲಿ ಇರಬಹುದು. ಆದರೂ ಓದಿ ನೋಡದೆ ನೆಚ್ಚಿಕೊಳ್ಳಬಾರದು.

ಹೊಣೆಯ ವಿಷಯದಲ್ಲೂ ಹೀಗೆಯೇ. ಬಾಟಲಿಯ ಮೇಲೆ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ತಯಾರಾದ ದಿನ, ನಿವ್ವಳ ತೂಕ ಇರಬೇಕು. ಒಂದು ಬಿಟ್ಟುಹೋದರೆ ಅಧಿಕಾರಿ ಕೇಳುವುದು ಉಪ್ಪಿನಕಾಯಿ ಮಾರಿದವರನ್ನು, ಲೇಬಲ್ ಬರೆದವನನ್ನಲ್ಲ. ಗಿರಾಕಿಗಳ ಹೆಸರು, ವಿಳಾಸ, ಫೋನ್ ಸಂಖ್ಯೆಯ ಪಟ್ಟಿಯನ್ನು ಹೊರಗಿನವರ ಕೈಗಿತ್ತರೂ ಅದರ ರಕ್ಷಣೆಯ ಹೊಣೆ ಕೊಟ್ಟವರದೇ ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಲುವು. ಕೆಲಸ ಕೈ ಬದಲಾಯಿಸಬಹುದು. ಹೊಣೆ ಕೂತಲ್ಲೇ ಕೂತಿರುತ್ತದೆ.

ಇನ್ನು ಅಗ್ಗದ ಮಾತು. ಸಂಬಳದ ಆಳಿಟ್ಟರೆ ಪಿಎಫ್, ಇಎಸ್‌ಐ ಎಂದು ತೊಡಕು, ಫ್ರೀಲಾನ್ಸರ್ ಆದರೆ ಅದೇನೂ ಇಲ್ಲ ಎಂದು ವಾದಿಸುವವರಿದ್ದಾರೆ. ಸಾಮಾನ್ಯವಾಗಿ ಪಿಎಫ್ ಅನ್ವಯಿಸುವುದು ಇಪ್ಪತ್ತು, ಇಎಸ್‌ಐ ಹತ್ತು ಕೆಲಸಗಾರರು ಮುಟ್ಟಿದ ಮೇಲೆ. ಮೂರು ಜನರ ಉದ್ದಿಮೆಗೆ ಆ ತೊಡಕು ಮೊದಲೇ ಇರಲಿಲ್ಲ. ಇಲ್ಲದ ತೊಡಕಿನಿಂದ ಪಾರಾದೆವು ಎಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ದರ ಇಳಿಸಿ ಇಳಿಸಿ ಕೊನೆಗೆ ಅತಿ ಕಡಿಮೆಗೆ ಒಪ್ಪಿದವನಿಗೆ ಕೆಲಸ ಕೊಟ್ಟರೆ, ಆತ ದಿನಕ್ಕೆ ಹತ್ತು ಲೇಬಲ್ ಮಾಡಬೇಕಾಗುತ್ತದೆ. ಹಳೆಯ ನಮೂನೆಯಲ್ಲಿ ಹೆಸರು ಬದಲಿಸಿ ಕಳಿಸುತ್ತಾನೆ, ಈಗಂತೂ ಕೃತಕ ಬುದ್ಧಿಮತ್ತೆಯಿಂದ ಕ್ಷಣದಲ್ಲಿ ತೆಗೆದು ಕೊಡುತ್ತಾನೆ. ಅದಾದರೆ ನಾವೇ ಯಂತ್ರಕ್ಕೆ ಹೇಳಿ ಮಾಡಿಸಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಮಾಡಿಸಿಕೊಳ್ಳಬಹುದು. ಆದರೆ ಯಂತ್ರಕ್ಕೂ ಅಪ್ಪೆಮಿಡಿ ಎಂದರೇನೆಂದು ನಾವೇ ಹೇಳಬೇಕು, ಅದು ಕೊಟ್ಟದ್ದರಲ್ಲಿ ಒತ್ತಕ್ಷರ ಕೂತಿದೆಯೇ ಎಂದು ನಾವೇ ನೋಡಬೇಕು.

ಕನ್ನಡದ ಒಂದು ಪದ ಇಲ್ಲಿ ನನ್ನನ್ನು ಕಾಡುತ್ತದೆ. ಫ್ರೀಲಾನ್ಸ್ ಪತ್ರಕರ್ತರನ್ನು ನಾವು ಬಹುಕಾಲ ‘ಹವ್ಯಾಸಿ ಪತ್ರಕರ್ತ’ ಎಂದು ಕರೆದುಕೊಂಡು ಬಂದಿದ್ದೇವೆ. ಬರೆದು ಬದುಕುವವನನ್ನು ಹವ್ಯಾಸಿ ಎಂದ ಮೇಲೆ ಸಂಭಾವನೆ ತಡವಾದರೆ ಏನಂತೆ ಎಂಬ ಧೋರಣೆ ಪದದೊಳಗೇ ಕೂತುಬಿಡುತ್ತದೆ. ಅದೇ ಧೋರಣೆ ಈಗ ಡಿಸೈನರ್, ಅನುವಾದಕ, ಪ್ರೋಗ್ರಾಮರ್ ಎಲ್ಲರ ಮೇಲೂ ಹರಿದಿದೆ. ವೇದಿಕೆಯ ಹೊರಗೆ ನೇರವಾಗಿ ಕೆಲಸ ಮಾಡಿಸಿದಾಗ ‘ಮುಂದಿನ ವಾರ ಹಾಕ್ತೀನಿ’ ಎಂಬ ಮಾತು ಸಲೀಸಾಗಿ ಬರುತ್ತದೆ. ಸೂಪರ್ ಮಾರ್ಕೆಟ್ಟಿನವರು ತಮ್ಮ ಬಿಲ್ಲನ್ನು ಮೂರು ತಿಂಗಳು ಎಳೆದಾಡಿಸುತ್ತಾರೆಂದು ಗೋಳಾಡುವ ಸಣ್ಣ ಉದ್ದಿಮೆದಾರರೇ ತಮಗಿಂತ ಸಣ್ಣವರಿಗೆ ಇದನ್ನು ಮಾಡುತ್ತಾರೆ. ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಒಪ್ಪಂದವಿದ್ದರೂ ಪಾವತಿ 45 ದಿನ ದಾಟುವಂತಿಲ್ಲ, ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಫ್ರೀಲಾನ್ಸರ್ ಕೂಡ ಈ ಕಾಯ್ದೆಯ ನೆರಳಿಗೆ ಬರಬಲ್ಲ.

ಗಿಗ್ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ. ವೇದಿಕೆಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ. ಅದರ ಚರ್ಚೆಯಲ್ಲಿ ಎದ್ದು ಕಂಡವರು ಊಟ ತಲುಪಿಸುವವರು, ಕ್ಯಾಬ್ ಓಡಿಸುವವರು. ರಸ್ತೆಯಲ್ಲಿ ಮಳೆಯಲ್ಲಿ ನೆನೆಯುವವನು ಕಣ್ಣಿಗೆ ಬೀಳುತ್ತಾನೆ. ಹುಬ್ಬಳ್ಳಿಯ ಬಾಡಿಗೆ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಯಾರದೋ ಲೋಗೊವನ್ನು ಏಳನೇ ಸಲ ತಿದ್ದುತ್ತಿರುವ ಹುಡುಗಿ ಬೀಳುವುದಿಲ್ಲ. ಬೀಡಿ ಕಟ್ಟುವವಳನ್ನು ಬ್ರಾಂಚಿನವರಾದರೂ ಮುಖ ನೋಡಿ ಗುರುತಿಸುತ್ತಿದ್ದರು. ಇವಳಿಗೆ ಇರುವುದು ನಕ್ಷತ್ರಗಳ ರೇಟಿಂಗು. ನಾವು ದೂರದಲ್ಲೆಲ್ಲೋ ಕೆಲಸ ಕೊಡುವಾಗ, ನಮ್ಮ ಮಕ್ಕಳು ಇನ್ನೆಲ್ಲೋ ದೂರದವರ ಕೆಲಸ ಹಿಡಿದು ಕೂತಿರುತ್ತಾರೆ ಎಂಬುದನ್ನು ನೆನೆದರೆ ದರ ಕುಗ್ಗಿಸುವ ಕೈ ಸ್ವಲ್ಪ ತಡೆಯಬಹುದು.

ಇಷ್ಟೆಲ್ಲ ಬರೆದಿಡಲು, ಪರೀಕ್ಷಿಸಲು, ಒಪ್ಪಂದ ಮಾಡಲು ಸಣ್ಣವರಿಗೆ ಬಿಡುವೆಲ್ಲಿ ಎಂಬುದು ನ್ಯಾಯವಾದ ಆಕ್ಷೇಪ. ನಮ್ಮ ಪೇಟೆಗಳಲ್ಲೇ ಇದಕ್ಕೊಂದು ಉತ್ತರ ಬಹಳ ಹಿಂದಿನಿಂದ ಇದೆ. ಲೆಕ್ಕ ಬರೆಯುವ ಗುಮಾಸ್ತರು ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು ಎಂದು ನಾಲ್ಕೈದು ಕಡೆ ಕೆಲಸ ಮಾಡುತ್ತಿದ್ದರು. ಯಾವ ಅಂಗಡಿಗೂ ಅವರ ಪೂರ್ತಿ ಸಂಬಳದ ಭಾರವಿರಲಿಲ್ಲ. ಆದರೆ ಅದೇ ಗುಮಾಸ್ತರು ಇಪ್ಪತ್ತು ವರ್ಷ ಬರುತ್ತಿದ್ದರು, ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಹೊಸ ಖಾತೆ ಪುಸ್ತಕ ಅವರ ಕೈಯಲ್ಲೇ ಶುರುವಾಗುತ್ತಿತ್ತು. ಯಾವ ಸಾಹುಕಾರ ತಡವಾಗಿ ಕೊಡುತ್ತಾನೆ, ಯಾವ ಸಾಲ ಬಿಟ್ಟೇಬಿಡಬೇಕು ಎಂಬುದು ಅವರಿಗೆ ಅಂಗಡಿಯವರಷ್ಟೇ ಗೊತ್ತಿತ್ತು. ಇದೂ ಬಿಡಿ ಕೆಲಸವೇ, ಆದರೆ ನೆನಪಿರುವ ಬಿಡಿ ಕೆಲಸ.

ಆನ್‌ಲೈನ್‌ನಲ್ಲೂ ಇದು ಸಾಧ್ಯ. ಪ್ರತಿ ಸಲ ಹೊಸಬರನ್ನು ಹುಡುಕಿ ನೂರಿನ್ನೂರು ರೂಪಾಯಿ ಉಳಿಸುವ ಬದಲು, ಒಂದು ಸಣ್ಣ ಕೆಲಸ ಕೊಟ್ಟು ನೋಡಿ, ಹೊಂದುವವರು ಸಿಕ್ಕ ಮೇಲೆ ಅವರನ್ನೇ ವರ್ಷಗಟ್ಟಲೆ ಉಳಿಸಿಕೊಳ್ಳುವುದು. ಸಾಧ್ಯವಾದರೆ ತಿಂಗಳಿಗೆ ಇಷ್ಟು ಗಂಟೆ ಎಂದು ನಿಗದಿ ಮಾಡುವುದು. ಒಂದು ಭರಣಿ ಉಪ್ಪಿನಕಾಯಿ ಅವರಿಗೂ ಕಳಿಸುವುದು. ರುಚಿ ನೋಡಿದ ಡಿಸೈನರ್ ಮತ್ತೆ ಮಾವಿನ ಹೋಳಿನ ಚಿತ್ರ ಹಾಕಲಾರ. ಲೇಬಲ್ಲಿನ ಕನ್ನಡದಂಥದ್ದಕ್ಕೆ ಕನ್ನಡ ಓದಬಲ್ಲ ಕೈಯನ್ನೇ ಹುಡುಕಬೇಕು. ಅಂಥವರು ಪಕ್ಕದ ಊರಿನ ಡಿಟಿಪಿ ಅಂಗಡಿಯಲ್ಲೇ ಇದ್ದಾರೆಂದರೆ ಸಾವಿರ ಮೈಲಿ ದೂರ ಹೋಗುವುದು ಏಕೆ?

ಆದ್ದರಿಂದ ಆನ್‌ಲೈನ್‌ನಲ್ಲಿ ಕೆಲಸ ಹಾಕುವ ಮೊದಲು ಒಂದು ಸಂಜೆ ಮನೆಮಂದಿ ಕೂತು, ಏನು ಬೇಕು, ಹೇಗಿರಬೇಕು, ಏನಾದರೆ ಬೇಡ ಎಂದು ಕನ್ನಡದಲ್ಲೇ ಒಂದು ಪುಟ ಬರೆಯಿರಿ. ಇಂಗ್ಲಿಷಿಗೆ ಆಮೇಲೆ ಮಾಡಿಕೊಳ್ಳಬಹುದು. ಆ ಪುಟ ಬರೆಯಲು ಬಂದರೆ ಕೆಲಸವನ್ನು ಧೈರ್ಯವಾಗಿ ಹೊರಗೆ ಕೊಡಿ, ಪುಟವನ್ನು ಜೋಪಾನವಾಗಿ ಒಳಗಿಡಿ. ಬರೆಯಲು ಬಾರದಿದ್ದರೆ ಆ ಕೆಲಸ ಇನ್ನೂ ನಿಮ್ಮ ಮನೆಯಲ್ಲೇ ಆಗಬೇಕಾದದ್ದು.